ಒಳಗೆ ಬಿಟ್ಟ ಬಟ್ಟೆ

ಹೋದ ತಿಂಗಳು ಅಣ್ಣನ ಮಗಳ ಜೊತೆ ನಮ್ಮ ಬೀದಿಯ ಟೈಲರ್ ಅಂಗಡಿಗೆ ಹೋಗಿದ್ದೆ. ಗೆಳತಿಯ ಮದುವೆಗೆ ಅವಳಿಗೊಂದು ರವಿಕೆ ಆಗಬೇಕಿತ್ತು. ಸೀರೆ ಅವಳದಲ್ಲ, ನನ್ನ ಅಮ್ಮನದು. ಎಲೆಹಸಿರು ಮೈ, ಕುಂಕುಮದ ಬಣ್ಣದ ಸೆರಗು, ತೆಳ್ಳನೆಯ ಜರಿ ಅಂಚಿನ ಮೈಸೂರು ರೇಷ್ಮೆ. ಹುಡುಗಿ ಮೊಬೈಲು ತೆಗೆದು ಟೈಲರಿಗೆ ಒಂದು ಚಿತ್ರ ತೋರಿಸಿದಳು. ಮಿನುಗುತಾರೆ ಕಲ್ಪನಾ. ತಲೆಯ ಮೇಲೆ ಗೋಪುರದಂಥ ತುರುಬು, ಮೊಣಕೈ ದಾಟಿ ಇಳಿದ ರವಿಕೆಯ ತೋಳು. "ಅಂಕಲ್, ಸೇಮ್ ಇದೇ ಥರ. ರೆಟ್ರೋ."

ಟೈಲರ್ ಕನ್ನಡಕವನ್ನು ಹಣೆಗೇರಿಸಿ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು. "ಇದಾ? ಇದು ನಮ್ಮಪ್ಪ ಹೊಲೀತಿದ್ದ ಮಾಡೆಲ್ಲು ಕಣಮ್ಮ. ಆಗ ನಾನು ಪಕ್ಕದಲ್ಲಿ ಕೂತು ಕಾಜಾ ಹಾಕ್ತಿದ್ದೆ." ಟೇಪು ಹಿಡಿದು ಅಳತೆ ತೆಗೆದರು, ರಟ್ಟಿನ ಪುಸ್ತಕದಲ್ಲಿ ಬರೆದರು, ಬಟ್ಟೆಯ ಚೂರೊಂದನ್ನು ಆ ಹಾಳೆಗೆ ಪಿನ್ನು ಮಾಡಿದರು. ಕೊನೆಗೆ ಕೇಳಿದರು: "ಒಳಗೆ ಬಟ್ಟೆ ಬಿಡಲಾ, ಕತ್ತರಿಸಿಬಿಡಲಾ?"

"ಕತ್ತರಿಸಿಬಿಡಿ ಅಂಕಲ್. ದಪ್ಪ ಕಾಣತ್ತೆ."

ನಾನು ಏನೂ ಅನ್ನಲಿಲ್ಲ. ರವಿಕೆ ನನ್ನದಲ್ಲವಲ್ಲ. ಆದರೆ ಆ ಪ್ರಶ್ನೆ ಅಂಗಡಿಯಿಂದ ಮನೆಯವರೆಗೂ ನನ್ನ ಜೊತೆ ನಡೆದುಕೊಂಡು ಬಂತು. ಹಳೆಯ ಕಾಲದ ಉಡುಗೆ ಈಗ ಮತ್ತೆ ಹೀಗೆ ಉಕ್ಕಿಬರುತ್ತಿರುವಾಗ ಏನು ಬರುತ್ತಿದೆ, ಏನು ಬರುತ್ತಿಲ್ಲ ಎಂದು ಯೋಚಿಸುತ್ತಾ ಈ ಬಾನುಲಿ ಕೋಣೆಗೆ ಬಂದು ಕೂತಿದ್ದೇನೆ. ಸೀರೆ, ರವಿಕೆ, ಅಂಚು, ಸೆರಗು ಅಂತೆಲ್ಲ ನೀವು ನೋಡಲಾಗದ ಸಂಗತಿಗಳನ್ನೇ ಹೇಳಬೇಕಾಗಿದೆ. ಮೈಕಿನ ಮುಂದೆ ನಾನು ಕೈಯಾಡಿಸಿ ತೋಳಿನ ಉದ್ದ ತೋರಿಸುತ್ತಿದ್ದರೆ ಗಾಜಿನ ಆಚೆ ಕೂತ ಎಂಜಿನಿಯರಿಗೆ ಮಾತ್ರ ಕಾಣುತ್ತದೆ.

ರೆಟ್ರೋ, ವಿಂಟೇಜ್ ಎನ್ನುವ ಮಾತುಗಳನ್ನು ಈಗ ಜವಳಿ ಅಂಗಡಿಯ ಹುಡುಗರೂ ಸಲೀಸಾಗಿ ಆಡುತ್ತಾರೆ. ಎರಡೂ ಒಂದೇ ಅಲ್ಲ. ವಿಂಟೇಜ್ ಎಂಬುದು ದ್ರಾಕ್ಷಿ ಕೊಯ್ಲಿನಿಂದ ಬಂದ ಮಾತು. ಯಾವ ವರ್ಷದ ಹಣ್ಣಿನ ವೈನು ಎಂದು ಹೇಳುವುದಕ್ಕೆ ಬಳಸುತ್ತಿದ್ದದ್ದು. ಬಟ್ಟೆಯ ವ್ಯಾಪಾರದಲ್ಲಿ ಸಾಮಾನ್ಯವಾಗಿ 20 ವರ್ಷ ದಾಟಿದ, ಆ ಕಾಲದಲ್ಲೇ ನೇಯ್ದು ಹೊಲಿದ ಉಡುಪಿಗೆ ಆ ಹೆಸರು. 100 ದಾಟಿದರೆ ಆಂಟಿಕ್. ರೆಟ್ರೋ ಅಂದರೆ ನಿನ್ನೆ ಹೊಲಿದದ್ದು, ಅಜ್ಜಿಯ ಮುಖ ಹೊತ್ತದ್ದು. ಹಾಗೆ ನೋಡಿದರೆ ನಮ್ಮ ಅಮ್ಮನ ಸೀರೆ ವಿಂಟೇಜ್, ಅದಕ್ಕೆ ಈಗ ಹೊಲಿಸಿದ ರವಿಕೆ ರೆಟ್ರೋ. ಅಮ್ಮನಿಗೆ ಈ ಭೇದವನ್ನು ವಿವರಿಸಿದೆ. ಎಲ್ಲ ಕೇಳಿಸಿಕೊಂಡು "ಹಾಗಾದ್ರೆ ನಾನು?" ಅಂದಳು. ಅವಳಿಗೆ ಎಂಬತ್ತನಾಲ್ಕು.

ಜೇಮ್ಸ್ ಲೇವರ್ ಎಂಬ ಇಂಗ್ಲಿಷ್ ವಿದ್ವಾಂಸರೊಬ್ಬರಿದ್ದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳ ಮೇಲ್ವಿಚಾರಕರು. ಚಿತ್ರದಲ್ಲಿರುವ ಉಡುಪು ನೋಡಿ ಚಿತ್ರದ ಕಾಲ ಹೇಳುವ ಅಭ್ಯಾಸದಿಂದ ಉಡುಪಿನ ಚರಿತ್ರೆಗೇ ಇಳಿದರು. 1937ರಲ್ಲಿ ಅವರೊಂದು ಪಟ್ಟಿ ಮಾಡಿದರು. ಪಂಚಾಂಗದ ಹಾಗಿದೆ ಅದು. ಯಾವುದೇ ಉಡುಪು ತನ್ನ ಕಾಲಕ್ಕೆ ಹತ್ತು ವರ್ಷ ಮೊದಲೇ ಬಂದರೆ ಅಸಭ್ಯ, ಐದು ವರ್ಷ ಮೊದಲು ಬಂದರೆ ನಾಚಿಕೆಗೇಡು, ಒಂದು ವರ್ಷ ಮೊದಲು ಬಂದರೆ ದಿಟ್ಟ. ತನ್ನ ಕಾಲದಲ್ಲಿ ಚೆಂದ. ಒಂದು ವರ್ಷ ಕಳೆದರೆ ಹಳಸಲು, ಹತ್ತು ವರ್ಷಕ್ಕೆ ವಿಕಾರ, ಇಪ್ಪತ್ತಕ್ಕೆ ನಗೆಪಾಟಲು, ಮೂವತ್ತಕ್ಕೆ ತಮಾಷೆ. ಐವತ್ತಾದರೆ ಏನೋ ವಿಶೇಷ, ಎಪ್ಪತ್ತಕ್ಕೆ ಮೋಹಕ, ನೂರಕ್ಕೆ ರಮ್ಯ, ನೂರೈವತ್ತು ದಾಟಿದರೆ ಸುಂದರ.

ನನ್ನ ಮದುವೆ ಆದದ್ದು 1986ರಲ್ಲಿ. ಆಲ್ಬಮ್ಮಿನಲ್ಲಿ ನಾನು ತೊಟ್ಟಿರುವುದು ಪಫ್ ಕೈ ರವಿಕೆ. ಅಜ್ಜಿ ಅದನ್ನು ಬುಗ್ಗೆ ಕೈ ಅನ್ನುತ್ತಿದ್ದಳು. ಭುಜದ ಮೇಲೆ ಎರಡು ಸಣ್ಣ ಬಲೂನು ಕಟ್ಟಿದ ಹಾಗೆ. ಹತ್ತು ವರ್ಷ ಕಳೆದ ಮೇಲೆ ಆ ಆಲ್ಬಮ್ಮನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಇಪ್ಪತ್ತನೆಯ ವರ್ಷ ಮಕ್ಕಳು ಬಿದ್ದು ಬಿದ್ದು ನಕ್ಕರು. ಈಗ ಅಣ್ಣನ ಮಗಳು ಅದೇ ಪುಟ ತೆರೆದು "ಅತ್ತೆ, ಈ ಸ್ಲೀವ್ ಎಷ್ಟು ಕ್ಯೂಟ್!" ಅನ್ನುತ್ತಾಳೆ. ಲೇವರ್ ಪಂಚಾಂಗದ ಪ್ರಕಾರ ನಾನಿನ್ನೂ ತಮಾಷೆಯ ಮನೆಯಲ್ಲೇ ಇದ್ದೇನೆ, ಮೋಹಕ ಆಗಲು ಇನ್ನೂ ಮೂವತ್ತು ವರ್ಷ ಬೇಕು. ಈಗಿನವರಿಗೆ ಅಷ್ಟು ತಾಳ್ಮೆ ಇಲ್ಲ. ಹಳೆಯ ಹಾಡಿನ ತುಣುಕುಗಳು ಬೆರಳ ತುದಿಯಲ್ಲಿ ಹೊರಳುತ್ತಲೇ ಇರುವಾಗ ಯಾವ ಉಡುಪಿಗೂ ವಿಕಾರವಾಗುವಷ್ಟು ಬಿಡುವೇ ಸಿಗುವುದಿಲ್ಲ.

ಈ ಬುಗ್ಗೆ ಕೈ ನಮ್ಮ ಕಡೆಗೆ ಬಂದ ದಾರಿ ಉದ್ದ. ಉತ್ತರ ಕರ್ನಾಟಕದ ಕುಪ್ಪಸಕ್ಕೆ ಬುಗ್ಗೆ ಇಲ್ಲ. ಅದು ಮೈಗೆ ಅಂಟಿ, ಮುಂದೆ ಗಂಟು ಹಾಕುವಂಥದ್ದು. ಬುಗ್ಗೆ ಯೂರೋಪಿನದು. 1895ರ ಸುಮಾರಿಗೆ ಅಲ್ಲಿನ ಹೆಂಗಸರ ತೋಳುಗಳು ಎಷ್ಟು ಹಿಗ್ಗಿದವೆಂದರೆ ಅದಕ್ಕೆ ಕುರಿತೊಡೆ ತೋಳು ಎಂದೇ ಹೆಸರಾಯಿತು. ಅದೂ ಹೊಸದಾಗಿರಲಿಲ್ಲ, 1830ರ ದಶಕದಲ್ಲಿ ಒಮ್ಮೆ ಬಂದು ಹೋಗಿದ್ದ ತೋಳನ್ನೇ ಅವರು ಪೆಟ್ಟಿಗೆಯಿಂದ ಎತ್ತಿ ಮತ್ತೆ ಗಾಳಿ ತುಂಬಿದ್ದರು. ಕೆನಡಾದ ಲೇಖಕಿ ಎಲ್. ಎಂ. ಮಾಂಟ್ಗೊಮೆರಿಯವರ 1908ರ ಕಾದಂಬರಿಯಲ್ಲಿ ಆನ್ ಎಂಬ ಅನಾಥ ಹುಡುಗಿ ಇದೇ ತೋಳಿಗಾಗಿ ಹಂಬಲಿಸಿ ಹಂಬಲಿಸಿ, ಕೊನೆಗೆ ಕ್ರಿಸ್‌ಮಸ್ಸಿಗೆ ಒಂದು ಬುಗ್ಗೆ ತೋಳಿನ ಅಂಗಿ ಸಿಕ್ಕಾಗ ಕಣ್ಣೀರಾಗುತ್ತಾಳೆ. ಅದನ್ನು ಓದಿದಾಗ ನನಗೆ ಹದಿನೈದು ವರ್ಷ. ಆ ಸಂಕಟ ಚೆನ್ನಾಗಿ ಅರ್ಥವಾಗಿತ್ತು.

ಅದಕ್ಕೂ ಮುಂಚಿನ ಕಥೆ ಒಂದಿದೆ. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು ರವೀಂದ್ರನಾಥರ ಅಣ್ಣ. ಅವರ ಹೆಂಡತಿ ಜ್ಞಾನದಾನಂದಿನಿ ದೇವಿ. ಕಲ್ಕತ್ತೆಯ ಅಂತಃಪುರದಿಂದ 1864ರಲ್ಲಿ ಗಂಡನ ಜೊತೆ ಮುಂಬಯಿಗೆ ಹೋದಾಗ, ಮನೆಯೊಳಗೆ ಉಡುತ್ತಿದ್ದ ಹಾಗೆ ಒಂಟಿ ಸೀರೆಯಲ್ಲಿ ಹೊರಗೆ ಬರುವಂತಿರಲಿಲ್ಲ. ಅಲ್ಲಿ ಪಾರ್ಸಿ ಹೆಂಗಸರು ಉಡುವ ಕ್ರಮ ನೋಡಿ, ಅದರ ಜೊತೆಗೆ ರವಿಕೆ, ಒಳಲಂಗ ಸೇರಿಸಿ, ಭುಜಕ್ಕೊಂದು ಬ್ರೂಚು ಚುಚ್ಚಿ ತಮ್ಮದೇ ಒಂದು ಉಡುಗೆ ಮಾಡಿಕೊಂಡರು. ಬಂಗಾಳಕ್ಕೆ ಮರಳಿದಾಗ ಅದನ್ನು ಉಳಿದವರಿಗೂ ಕಲಿಸಿದರು. ಇಂದು ನಾವು ಸೀರೆ ಅಂದಕೂಡಲೇ ಕಣ್ಣ ಮುಂದೆ ಬರುವ ರೂಪ ಒಟ್ಟಾಗಿ ಬಂದುದರಲ್ಲಿ ಈ ಹೆಣ್ಣುಮಗಳ ಪಾತ್ರ ದೊಡ್ಡದು. ಸತ್ಯೇಂದ್ರನಾಥರು 1880ರ ದಶಕದ ಆರಂಭದಲ್ಲಿ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ಉಳಿದಿದ್ದರು. ಕಡಲತೀರಕ್ಕೆ ಅವರ ಹೆಸರೇ ಇದೆ. ಅತ್ತಿಗೆಗೂ ಅಲ್ಲೊಂದು ಫಲಕ ಇರಬಹುದಿತ್ತು. ಆದರೆ ರವಿಕೆಗಾಗಿ ಯಾರು ಫಲಕ ಹಾಕಿಸುತ್ತಾರೆ?

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ರವಿವರ್ಮ 1889ರಲ್ಲಿ ಬರೆದ ಒಂದು ಚಿತ್ರವಿದೆ. ಹನ್ನೊಂದು ಜನ ಹೆಂಗಸರು, ಒಬ್ಬೊಬ್ಬರು ಒಂದೊಂದು ಸೀಮೆಯ ಉಡುಗೆಯಲ್ಲಿ, ವಾದ್ಯಗಳ ಜೊತೆ. ಎಲ್ಲರೂ ಮುಖ ನೋಡುತ್ತಾರೆ. ನೀವು ತೋಳುಗಳನ್ನು ಮಾತ್ರ ನೋಡುತ್ತಾ ಬನ್ನಿ. ಅವತ್ತಿಗೆ ಇನ್ನೂ ಯಾವುದೂ ನಿಂತಿರಲಿಲ್ಲ. ಯಾವ ರವಿಕೆ ಗೆಲ್ಲುತ್ತದೆ, ಯಾವ ಉಡುಗೆ ಮೂಲೆಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಐದು ವರ್ಷದ ಮೇಲೆ, 1894ರಲ್ಲಿ, ರವಿವರ್ಮ ಮುಂಬಯಿಯಲ್ಲಿ ಚಿತ್ರಗಳ ಮುದ್ರಣಾಲಯ ತೆರೆದರು. ದೇವಿಯರು ನಿರಿಗೆ ಸೀರೆ ಉಟ್ಟು ಮನೆಮನೆಯ ಗೋಡೆಗೆ ಬಂದರು. ದೇವಿಯೇ ಉಟ್ಟ ಮೇಲೆ ಅದನ್ನು ಫ್ಯಾಷನ್ ಎಂದು ಬೈಯುವವರು ಯಾರು?

ಈಗ ಸ್ವಲ್ಪ ಪ್ಯಾರಿಸ್ಸಿಗೆ ಹೋಗಬೇಕು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ವಿಂಟೇಜ್ ಉಡುಪಿನ ಹುಡುಗಿಯನ್ನು ಕೇಳಿದರೂ ಅವಳ ಮನಸ್ಸಿನಲ್ಲಿ ಇರುವ ಆಕಾರ ಒಂದೇ: ಹಿಡಿಯಷ್ಟು ಸೊಂಟ, ಕೊಡೆಯಂತೆ ಅರಳಿದ ಲಂಗ. ಅದು ಕ್ರಿಶ್ಚಿಯನ್ ಡಿಯೋರ್ 1947ರ ಫೆಬ್ರವರಿ 12ರಂದು ತೋರಿಸಿದ ಉಡುಪುಗಳ ಆಕಾರ. ಕಾರ್ಮೆಲ್ ಸ್ನೋ ಎಂಬ ಅಮೆರಿಕದ ಪತ್ರಿಕಾ ಸಂಪಾದಕಿ ಅದಕ್ಕೆ ನ್ಯೂ ಲುಕ್ ಎಂದು ಹೆಸರಿಟ್ಟರು. ಹೊಸ ನೋಟ! ನಿಜಕ್ಕೂ ಅದು ಡಿಯೋರ್ ಬಾಲ್ಯದಲ್ಲಿ ತನ್ನ ತಾಯಿಯ ಮೈಮೇಲೆ ಕಂಡಿದ್ದ, ಮೊದಲ ಮಹಾಯುದ್ಧಕ್ಕೆ ಮುಂಚಿನ ಉಡುಗೆಯ ನೆನಪು. ಅಂದರೆ ಇವತ್ತಿನ ಹುಡುಗಿ ಅಜ್ಜಿಯ ಕಾಲದ್ದೆಂದು ಉಡುವುದು ಅಜ್ಜಿಯೇ ತನ್ನ ಅಜ್ಜಿಯಿಂದ ಕಡ ತಂದದ್ದು. ಈ ಸಾಲದ ಲೆಕ್ಕ ಹಿಡಿದು ಹೋದರೆ ಅಸಲು ಕೊಟ್ಟವರು ಸಿಗುವುದೇ ಇಲ್ಲ.

ಆ ಉಡುಪು ಹುಚ್ಚು ಹಿಡಿಸಿದ್ದಕ್ಕೆ ಕಾರಣ ಹಸಿವು. ಬಟ್ಟೆಯ ಹಸಿವು. ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ರೇಷನ್ ಇತ್ತು. ಮೊದಲ ವರ್ಷ ತಲೆಗೆ 66 ಕೂಪನ್ನು. ಒಂದು ಉಣ್ಣೆಯ ಉಡುಪಿಗೇ 11 ಹೋಗುತ್ತಿತ್ತು. ಹಳೆಯದನ್ನೇ ಬಿಚ್ಚಿ, ತಿರುವಿ, ತೇಪೆ ಹಾಕಿ ತೊಡುವುದನ್ನು ಕಲಿಸಲು ಸರ್ಕಾರವೇ ಕೈಪಿಡಿ ಅಚ್ಚು ಹಾಕಿಸಿತು. ಯುದ್ಧ ಮುಗಿದರೂ ರೇಷನ್ ಮುಗಿದದ್ದು 1949ರಲ್ಲಿ. ಹಾಗಿರುವಾಗ ಒಂದೇ ಲಂಗಕ್ಕೆ ಗಜಗಟ್ಟಲೆ ಬಟ್ಟೆ ಸುರಿದರೆ ಕಣ್ಣು ತುಂಬದಿರುತ್ತದೆಯೇ? ಸಿಟ್ಟೂ ಬಂತು, ಬಟ್ಟೆ ದಂಡ ಮಾಡುತ್ತಿದ್ದೀರೆಂದು ಜಗಳವಾಡಿದವರಿದ್ದರು.

ಡಿಯೋರ್ ಮನೆಯಲ್ಲೇ ಪಳಗಿದ ಈವ್ ಸ್ಯಾಂ ಲೋರಾಂಗೆ ಇದರ ಇನ್ನೊಂದು ಮಗ್ಗುಲು ಗೊತ್ತಾಯಿತು. 1971ರ ಜನವರಿಯಲ್ಲಿ ಅವರು 1940ರ ದಶಕದ ಮಾದರಿಯ ಉಡುಪುಗಳನ್ನು ತೋರಿಸಿದರು: ಚೌಕ ಭುಜ, ಗಿಡ್ಡ ಲಂಗ, ತಲೆಗೆ ಸುತ್ತಿದ ಬಟ್ಟೆ, ದಪ್ಪ ಅಟ್ಟೆಯ ಚಪ್ಪಲಿ. ಚಿತ್ರಕಾರ ಪಿಕಾಸೋ ಅವರ ಮಗಳು ಪಲೋಮಾ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು ತೊಟ್ಟುಕೊಳ್ಳುತ್ತಿದ್ದ ಬಟ್ಟೆಗಳು ಅದಕ್ಕೆ ಸ್ಫೂರ್ತಿ. ಪತ್ರಿಕೆಗಳವರು ಉರಿದುಬಿದ್ದರು. ಸಭೆಯಲ್ಲಿದ್ದ ನಡುವಯಸ್ಸಿನ ಹೆಂಗಸರಿಗೆ ಅದು ಜರ್ಮನರು ಪ್ಯಾರಿಸ್ಸನ್ನು ಆಕ್ರಮಿಸಿದ್ದ ಕಾಲದ ಬಟ್ಟೆ. ಅಟ್ಟೆ ದಪ್ಪವಾಗಿದ್ದದ್ದು ಚರ್ಮ ಸಿಗದೆ ಮರ, ಬೆಂಡು ಹಾಕಿದ್ದರಿಂದ. ತಲೆಗೆ ಬಟ್ಟೆ ಸುತ್ತಿದ್ದದ್ದು ಕೂದಲು ತೊಳೆಯಲು ಸೋಪಿಲ್ಲದೆ. ಹುಡುಗಿಯರು ಮಾತ್ರ ಮುಗಿಬಿದ್ದು ಕೊಂಡರು. ಅವರು ಆ ಚಳಿಗಾಲಗಳನ್ನು ಕಂಡಿರಲಿಲ್ಲ.

ಇಂಥದ್ದೇ ಜಗಳ ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಆಗುತ್ತದೆ. ಅಣ್ಣನ ಮಗಳಿಗೆ ಕೈಮಗ್ಗದ ನೂಲಿನ ಸೀರೆ ಬೇಕು, ಗಂಜಿ ಹಾಕಿದ್ದು, ಸರಬರ ಸದ್ದು ಮಾಡುವಂಥದ್ದು. ಅಮ್ಮನಿಗೆ ಪಾಲಿಯೆಸ್ಟರ್ ಇರಲಿ. ಯಾಕೆ ಅಂದರೆ ಅವಳು ಗಂಜಿಯ ಕಾಲದಿಂದ ಬಂದವಳು. ಅನ್ನ ಬಸಿದ ತಿಳಿ ಎತ್ತಿಡುವುದು, ಸೋಸುವುದು, ಸೀರೆ ಅದ್ದಿ ಹಿಂಡುವುದು, ಬಿಸಿಲಿಗೆ ಇಬ್ಬರು ಹಿಡಿದು ಎಳೆಯುವುದು, ಕೆಂಡದ ಇಸ್ತ್ರಿಪೆಟ್ಟಿಗೆಗೆ ಊದಿ ಊದಿ ಕಣ್ಣು ಕೆಂಪಾಗುವುದು. ನೈಲಾನ್ ಸೀರೆ ಬಂದಾಗ ಅವಳಿಗೆ ಸಿಕ್ಕದ್ದು ಬಿಡುವು. ಬೆಳಿಗ್ಗೆ ಒಗೆದು ಕೊಡವಿ ಹಾಕಿದರೆ ಅಡುಗೆ ಮುಗಿಯುವುದರೊಳಗೆ ಒಣಗಿರುತ್ತಿತ್ತು. ಪಂಪ್ ಸ್ಟವ್ ಮುಂದೆ ಉಡುವುದು ಅಪಾಯ ಎಂದು ಗೊತ್ತಿದ್ದೂ ಉಟ್ಟಳು. "ನಿನಗೆ ಹಳೇದು ಚೆಂದ. ನಿನಗೆ ವಾಷಿಂಗ್ ಮೆಷೀನ್ ಇದೆ" ಎಂದು ಮೊಮ್ಮಗಳಿಗೆ ಹೇಳುತ್ತಾಳೆ. ರೆಟ್ರೋ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದು ಅತಿ ಚಿಕ್ಕದು.

ಹಾಗಂತ ಅಮ್ಮ ಫ್ಯಾಷನ್ ಮಾಡದವಳಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರ 'ಶರಪಂಜರ' ಬಂತು. ತ್ರಿವೇಣಿಯವರ ಕಾದಂಬರಿ, ಬಣ್ಣದ ಚಿತ್ರ, ಕಲ್ಪನಾ. ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದರೂ ಮನೆಯವರ ಅನುಮಾನ ಕಳೆಯಲಾಗದ ಹೆಣ್ಣಿನ ಕಥೆ ಅದು. ನೋಡಿದವರು ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು, ಬಂದವರು ಆ ಸೀರೆ ರವಿಕೆಗಳನ್ನು ಮರೆಯಲಿಲ್ಲ. ಎರಡೂ ನಿಜ. ಅದಕ್ಕೂ ಮುಂಚೆ, 1965ರ 'ಮಿಸ್ ಲೀಲಾವತಿ'ಯಲ್ಲಿ ಜಯಂತಿ ಈಜುಡುಗೆ ತೊಟ್ಟು ನಾಡಿನ ಹುಬ್ಬೇರಿಸಿದ್ದರು. ಲೇವರ್ ಪಟ್ಟಿಯ ಹತ್ತು ವರ್ಷ ಮೊದಲಿನ ಮನೆ. ಹಿಂದಿಯಿಂದ ಸಾಧನಾ ಹಣೆಗೂದಲು ಬಂದಿತ್ತು, 1973ರಲ್ಲಿ 'ಬಾಬಿ'ಯ ಡಿಂಪಲ್ ತೊಟ್ಟ ಚುಕ್ಕಿ ಅಂಗಿ ಬಂತು. ಚುಕ್ಕಿ ಚುಕ್ಕಿ ಬಟ್ಟೆಗೆ ಬಾಬಿ ಪ್ರಿಂಟ್ ಎಂದೇ ಹೆಸರಾಯಿತು.

ಆಗ ಕೈಯಲ್ಲಿ ಚಿತ್ರ ಇರಲಿಲ್ಲ ಎಂಬುದನ್ನು ನೆನಪಿಡಿ. ಮ್ಯಾಟಿನಿ ನೋಡಿ ಬಂದ ಹೆಂಗಸು, ಕಣ್ಣಲ್ಲಿ ತುಂಬಿಕೊಂಡ ತೋಳನ್ನು ಬಾಯಲ್ಲಿ ಟೈಲರಿಗೆ ಹೇಳಬೇಕು. "ಇಲ್ಲಿ ಸ್ವಲ್ಪ ಹೀಗೆ, ಇಲ್ಲಿಂದ ಹೀಗೆ ಇಳಿದು, ತುದೀಲಿ ಒಂದು ಪಟ್ಟಿ." ಟೈಲರೂ ಅದೇ ಸಿನಿಮಾ ನೋಡಿದ್ದರೆ ಬಚಾವು. ಇಲ್ಲದಿದ್ದರೆ ಅವನ ಊಹೆ, ಇವಳ ನೆನಪು, ಎರಡೂ ಕೂಡಿ ಮೂರನೆಯದೇ ಏನೋ ಹುಟ್ಟುತ್ತಿತ್ತು. ಹಾಗಾಗಿ ನಮ್ಮ ಬೀದಿಯಲ್ಲಿ ಏಳು ಜನ ಕಲ್ಪನಾ ರವಿಕೆ ಹೊಲಿಸಿದರೆ ಏಳೂ ಬೇರೆ ಬೇರೆ. ಬಾನುಲಿ ಕೇಳುವ ನಿಮಗೆ ಇದು ಅರ್ಥವಾಗುತ್ತದೆ. ಈಗಿನ ರೆಟ್ರೋ ಯಾವುದೇ ಊರಿನಲ್ಲಿ ಹೊಲಿಸಿದರೂ ಒಂದೇ ಆಗಿರುತ್ತದೆ, ಹೊಲಿಗೆಗೆ ಹೊಲಿಗೆ. 2018ರಲ್ಲಿ ನಟಿ ಸಾವಿತ್ರಿಯವರ ಬದುಕಿನ 'ಮಹಾನಟಿ' ಚಿತ್ರ ಬಂದು ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆಯಿತು. ಮರುವರ್ಷ ನಮ್ಮಲ್ಲಿ 'ಬೆಲ್ ಬಾಟಮ್' ಬಂತು, ಅದು ಎಂಬತ್ತರ ದಶಕದ ಕಥೆ. ಇಂಥ ಚಿತ್ರಗಳ ತೋಳು, ಕತ್ತು, ಚುಕ್ಕಿ ಎಲ್ಲ ಈಗ ಬೆರಳು ತಾಗಿಸಿದರೆ ದೊಡ್ಡದಾಗಿ ಕಾಣುತ್ತದೆ. ಟೈಲರ್ ಊಹಿಸಬೇಕಾದ್ದು ಏನೂ ಉಳಿದಿಲ್ಲ.

ಪ್ಯಾರಿಸ್ಸಿನಲ್ಲಿ, ಲಂಡನ್ನಿನಲ್ಲಿ ಇರುವ ಹಾಗೆ ಹಳೆಯ ಉಡುಪಿನ ಸಂತೆಗಳು ನಮ್ಮಲ್ಲಿ ಯಾಕಿಲ್ಲ ಎಂದು ಒಬ್ಬರು ಕೇಳಿದರು. ಉತ್ತರ ನಿಮ್ಮ ಅಡುಗೆಮನೆಯ ಅಟ್ಟದ ಮೇಲಿದೆ. ಮಧ್ಯಾಹ್ನದ ಹೊತ್ತು ತಲೆಯ ಮೇಲೆ ಸ್ಟೀಲು ಪಾತ್ರೆಗಳ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸು ನೆನಪಿದ್ದಾಳೆಯೇ? ಹಳೇ ಬಟ್ಟೆಗೆ ಪಾತ್ರೆ. ಅಜ್ಜಿ ಜಗಲಿಯ ಮೇಲೆ ಕೂತು ಎರಡು ಗಂಟೆ ಚೌಕಾಶಿ ಮಾಡುತ್ತಿದ್ದಳು. ಎರಡು ಸೀರೆಗೆ ಒಂದು ಡಬರಿ, ಮೇಲೊಂದು ಲೋಟ. ಜರಿ ಸೀರೆಗೆ ಬೇರೆಯೇ ಗಿರಾಕಿ. ಅಸಲಿ ಜರಿ ಅಂದರೆ ಬೆಳ್ಳಿಯ ಎಳೆ, ಮೇಲೆ ಚಿನ್ನದ ಲೇಪ. ಸೀರೆ ಸುಟ್ಟು ಬೂದಿಯಿಂದ ಬೆಳ್ಳಿ ತೆಗೆಯುತ್ತಿದ್ದರು. ನಮ್ಮ ಅಜ್ಜಿಯ ಧಾರೆ ಸೀರೆ ಹೋದದ್ದು ಹಾಗೆ. ಮಾಸಿದ ನೂಲಿನ ಸೀರೆಗಳು ಬಯಲುಸೀಮೆಯಲ್ಲಿ ಕೌದಿಯಾದವು, ಮಕ್ಕಳ ತೊಟ್ಟಿಲಾದವು, ಕೊನೆಗೆ ಹಂಚಿನ ಕಾವಲಿ ಒರೆಸಿದವು. ಪರರು ಉಟ್ಟ ಬಟ್ಟೆಯನ್ನು ದುಡ್ಡು ಕೊಟ್ಟು ಕೊಂಡು ಉಡುವುದು ಮೈಲಿಗೆ, ಅದಕ್ಕಿಂತ ಹೆಚ್ಚಾಗಿ ಅವಮಾನ. ಅಕ್ಕನ ಲಂಗ ತಂಗಿಗೆ ಬರುವುದು ಬೇರೆ. ಅದು ಮನೆಯೊಳಗಿನ ಮಾತು.

ಹಾಗಾಗಿ ನಮ್ಮ ವಿಂಟೇಜ್ ಅಂಗಡಿ ಅಂದರೆ ಮನೆಯ ಟ್ರಂಕು. ನುಸಿಗುಳಿಗೆಯ ವಾಸನೆ, ಮಡಿಕೆಯ ಗೆರೆಯಲ್ಲೇ ಸೀಳಿದ ರೇಷ್ಮೆ. ಈ ಹತ್ತು ಹದಿನೈದು ವರ್ಷಗಳಲ್ಲಿ ಹೆಣ್ಣುಮಕ್ಕಳು ಆ ಟ್ರಂಕಿಗೆ ಕೈಹಾಕಿದ್ದಾರೆ. ಮದುವೆಮನೆಯಲ್ಲಿ "ಇದು ನಮ್ಮಮ್ಮಂದು" ಎನ್ನುವುದು ಈಗ ಹೆಮ್ಮೆ. ನನ್ನ ವಯಸ್ಸಿನವರು ಅದನ್ನೇ ಮುಚ್ಚಿಡಲು ಎಷ್ಟು ಪಾಡುಪಟ್ಟಿದ್ದೆವು! ಅಮ್ಮನ ಆ ಹಸಿರು ಮೈಸೂರು ರೇಷ್ಮೆ 1974ರ ದೀಪಾವಳಿಗೆ, ಅಪ್ಪನ ಬೋನಸ್ಸಿನಲ್ಲಿ ಬಂದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ತೆರೆದ ಕಾರ್ಖಾನೆಯ ಪರಂಪರೆ ಅದು. ಹುರಿ ಹಾಕಿದ ರೇಷ್ಮೆಯ ಎಳೆ, ಮೈಗೆ ನೀರಿನಂತೆ ಹರಿಯುತ್ತದೆ. ಅದೇ ಸೀರೆಗೆ ಈಗ ಬೆಂಗಳೂರಿನ ಮಳಿಗೆಗಳ ಮುಂದೆ ಬೆಳಕು ಹರಿಯುವ ಮುನ್ನ ಸಾಲು ನಿಲ್ಲುತ್ತಾರೆ. ವಿನ್ಯಾಸ ಅಷ್ಟೇನೂ ಬದಲಾಗಿಲ್ಲ. ಅದೇ ಅದರ ಆಕರ್ಷಣೆ.

ಗುಳೇದಗುಡ್ಡದ ಖಣದ ಕಥೆ ಇನ್ನೂ ತಮಾಷೆ. ತ್ರಿಕೋನವಾಗಿ ಮಡಿಸಿ ಮಾರುವ ಕುಪ್ಪಸದ ಬಟ್ಟೆ ಅದು. ಇಳಕಲ್ ಸೀರೆಯ ಜೊತೆ ಹುಟ್ಟಿದ್ದು, ಬಾಗಿನದ ಮೊರದಲ್ಲಿ ಕೂತು ಊರು ಸುತ್ತಿದ್ದು. ನನ್ನ ಹುಡುಗುತನದಲ್ಲಿ ಬಂದ ಖಣವನ್ನು ಬಿಚ್ಚದೆ ಹಾಗೇ ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಈಗ ಅದೇ ಖಣದಲ್ಲಿ ಇಡೀ ಸೀರೆ, ಕೈಚೀಲ, ದಿಂಬಿನ ಹೊದಿಕೆ. ಇಳಕಲ್ ಸೀರೆಯ ಮೈಯನ್ನೂ ಸೆರಗನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಟೋಪತೆನೆ ಕೆಲಸ ಗೊತ್ತಿರುವ ಕೈಗಳಿಗೆ ಈ ಹೊಸ ಪ್ರೀತಿಯಿಂದ ಒಂದಿಷ್ಟು ಕೂಳು ಹುಟ್ಟಿದ್ದರೆ ಒಳ್ಳೆಯದೇ. ಆದರೆ ನೋಡಲು ಹಾಗೇ ಇರುವ, ವಿದ್ಯುತ್ ಮಗ್ಗದ ಪಾಲಿಯೆಸ್ಟರ್ ಸೀರೆಗಳೂ ಅದೇ ಅಂಗಡಿಯಲ್ಲಿ, ಅದೇ ಹೆಸರಿನಲ್ಲಿ ಇವೆ. ಕೊಳ್ಳುವಾಗ ಸೆರಗಿನ ಹಿಂಬದಿ ತಿರುವಿ ಆ ಕೊಂಡಿಗಳ ಸಾಲನ್ನು ಹುಡುಕಿ.

ಫೋಟೋ ಆಲ್ಬಮ್ಮಿನ ಮಾತು ಬಂತಲ್ಲ, ಇನ್ನೊಂದು ಫೋಟೋ ಬಗ್ಗೆ ಹೇಳಬೇಕು. ಅಮ್ಮನ ಮದುವೆಯದು, 1959. ಸಾಲಾಗಿ ಕೂತ ಹೆಂಗಸರು, ಬುಗ್ಗೆ ಕೈಗಳು, ಉದ್ದ ತೋಳುಗಳು, ಅಡ್ಡಿಕೆ, ಬುಗುಡಿ. ಅಣ್ಣನ ಮಗಳು ಇದನ್ನು ದೊಡ್ಡದು ಮಾಡಿಸಿ ತನ್ನ ಕೋಣೆಯಲ್ಲಿ ಹಾಕಿದ್ದಾಳೆ. ಎಡತುದಿಯಲ್ಲಿ ಬಾಗಿಲ ಸಂದಿಯಿದೆ. ಅಲ್ಲೊಂದು ಕಪ್ಪು ಸೆರಗಿನ ಚೂರು. ಕಪ್ಪುಬಿಳುಪು ಚಿತ್ರವಾದ್ದರಿಂದ ಕಪ್ಪು. ಅದು ಕೆಂಪು ಎಂದು ಅಮ್ಮನಿಗೆ ಗೊತ್ತು. ಉಟ್ಟವರು ಅಜ್ಜಿಯ ನಾದಿನಿ. ಹದಿನಾರಕ್ಕೆ ಗಂಡ ಸತ್ತ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮೈಮೇಲಿನ ರವಿಕೆ ತೆಗೆಸಿದರು. ಬದುಕಿದ್ದಷ್ಟು ಕಾಲ ಅವರು ರವಿಕೆ ತೊಡಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗೆ ದಶಕಗಟ್ಟಲೆ ಬಡಿದಾಡಿ 1859ರಲ್ಲಿ ರಾಜಾಜ್ಞೆ ಪಡೆದರು. ಇಲ್ಲಿ ನಮ್ಮ ನಡುಮನೆಗಳಲ್ಲಿ ಯಾರೂ ದನಿ ಎತ್ತಲಿಲ್ಲ. ಆ ಮುದುಕಿಯ ಉಡುಗೆಯೂ ಹಳೆಯ ಕಾಲದ್ದೇ, ಫೋಟೋದಲ್ಲಿರುವ ಬೇರೆ ಎಲ್ಲರದಷ್ಟೇ ಅಸಲಿ. ಅದನ್ನು ಯಾರೂ ರೆಟ್ರೋ ಮಾಡುವುದಿಲ್ಲ. ಮಾಡಬೇಕೆಂದು ನಾನು ಹೇಳುತ್ತಿಲ್ಲ. ಬಾಗಿಲ ಸಂದಿಯ ಆ ಚೂರನ್ನು ಕತ್ತರಿಸದೆ ಚೌಕಟ್ಟು ಹಾಕಿಸಿದ್ದಕ್ಕೆ ಹುಡುಗಿಯ ಮೇಲೆ ನನಗೆ ಪ್ರೀತಿ.

ಟೈಲರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ಅವತ್ತು ಮನೆಗೆ ಬಂದು ಅಮ್ಮನ ಟ್ರಂಕಿನಿಂದ ಅವಳ ಧಾರೆ ರವಿಕೆ ತೆಗೆಸಿದೆ. ಹಳೆಯ ಉಡುಪಿನ ವಯಸ್ಸು ಗುರುತಿಸುವವರು ಮೊದಲು ನೋಡುವುದು ಒಳಮಗ್ಗುಲನ್ನೇ ಅಂತೆ. ಜಿಪ್ಪು ಲೋಹದ್ದೋ ನೈಲಾನಿನದ್ದೋ, ಅಂಚು ಕೈಹೊಲಿಗೆಯೋ ಓವರ್‌ಲಾಕೋ ಎಂದು. ನಾನೂ ತಿರುವಿದೆ. ಎರಡು ಪಕ್ಕೆಗಳಲ್ಲೂ ಒಂದೂವರೆ ಅಂಗುಲ ಬಟ್ಟೆ ಒಳಗೆ ಬಿಟ್ಟಿದ್ದರು. ಆ ಬಟ್ಟೆಯ ಮೇಲೆ ಸೂಜಿತೂತುಗಳ ಎರಡು ಸಾಲು, ಬಿಚ್ಚಿದ ಹೊಲಿಗೆಯ ಗುರುತು. ಒಂದು ಅಣ್ಣ ಹುಟ್ಟಿದ ಮೇಲೆ, ಒಂದು ನಾನು ಹುಟ್ಟಿದ ಮೇಲೆ. ಬಿಚ್ಚಿದ ಕಡೆ ಬಣ್ಣ ಮಾಸಿರಲಿಲ್ಲ. ಹೊರಗಿನ ಮೈ ತಿಳಿಯಾಗಿ, ಒಳಗೆ ಅವಿತಿದ್ದ ಪಟ್ಟಿ 1959ರಷ್ಟೇ ಗಾಢ ನೇರಳೆ. ಮೂರನೆಯ ಹೊಲಿಗೆ ಹಾಕುವಷ್ಟು ಜಾಗ ಇನ್ನೂ ಉಳಿದಿತ್ತು.

"ಅದು ನಿನ್ನ ತಮ್ಮನಿಗೆ ಅಂತ ಇತ್ತು" ಅಂದಳು ಅಮ್ಮ. ನನಗೆ ತಮ್ಮ ಇಲ್ಲ. ಹುಟ್ಟಿ ಮೂರು ದಿನಕ್ಕೆ ಹೋದ. ಅದು ನನಗೆ ಗೊತ್ತಿತ್ತು, ಯಾವತ್ತೂ ಅವಳ ಬಾಯಿಂದ ಕೇಳಿರಲಿಲ್ಲ.

ರವಿಕೆ ಶುಕ್ರವಾರ ಕೊಡುತ್ತೇನೆಂದಿದ್ದ ಟೈಲರ್ ಸೋಮವಾರ ಕೊಟ್ಟರು, ಅದೂ ಹಳೆಯ ಸಂಪ್ರದಾಯವೇ. ತೋಳು ಚಿತ್ರದಲ್ಲಿದ್ದ ಹಾಗೇ ಬಂದಿತ್ತು. ಹುಡುಗಿ ತೊಟ್ಟು, ಕನ್ನಡಿಯ ಮುಂದೆ ತಿರುಗಿ, ಕಲ್ಪನಾಳ ಹಾಗೆ ಕತ್ತು ಓರೆ ಮಾಡಿ ನಿಂತಳು. ಅವಳು ಬಿಚ್ಚಿಟ್ಟ ಮೇಲೆ ನಾನು ಒಳಮಗ್ಗುಲು ನೋಡಿದೆ. ಒಂದು ಅಂಗುಲ ಬಿಟ್ಟಿದ್ದರು. ಅಂಗಡಿಯ ಹತ್ತಿರ ಹೋದಾಗ ಕೇಳಿದೆ. "ಕೈ ಬರಲಿಲ್ಲ ಮೇಡಂ" ಎಂದು ತಲೆ ಎತ್ತದೆ ಹೇಳಿ, ಮೆಷೀನಿನ ಗಾಲಿ ತಿರುಗಿಸಿದರು.